ಇಂಗ್ಲಿಷಿನ ‘ಹ್ಯಾವ್’, ಕನ್ನಡದ ‘ಇದೆ’

‘ಷಿ ಹ್ಯಾಸ್ ಎ ಸನ್’, ‘ಷಿ ಹ್ಯಾಸ್ ಎ ಪೆನ್’, ‘ಷಿ ಹ್ಯಾಸ್ ಎ ಫೀವರ್’, ‘ದ ಹೌಸ್ ಹ್ಯಾಸ್ ತ್ರೀ ಡೋರ್ಸ್’ ಎಂಬ ನಾಲ್ಕು ವಾಕ್ಯಗಳಲ್ಲಿ ಕ್ರಿಯಾಪದ ಒಂದೇ. ಇವನ್ನೇ ಕನ್ನಡದಲ್ಲಿ ಹೇಳುವಾಗ ‘ಅವಳಿಗೆ ಒಬ್ಬ ಮಗನಿದ್ದಾನೆ’, ‘ಅವಳ ಹತ್ತಿರ ಪೆನ್ನು ಇದೆ’, ‘ಅವಳಿಗೆ ಜ್ವರ ಬಂದಿದೆ’, ‘ಮನೆಗೆ ಮೂರು ಬಾಗಿಲುಗಳಿವೆ’ ಎನ್ನುತ್ತೇವೆ. ಒಂದು ಕಡೆ ‘ಗೆ’ ಬರುತ್ತದೆ, ಇನ್ನೊಂದು ಕಡೆ ‘ಹತ್ತಿರ’ ಬರುತ್ತದೆ, ಜ್ವರದ ವಿಷಯದಲ್ಲಂತೂ ಕ್ರಿಯಾಪದವೇ ಬೇರೆಯಾಗುತ್ತದೆ. ‘ಹ್ಯಾವ್ ಎಂದರೆ ಇದೆ’ ಎಂದು ಶಾಲೆಯಲ್ಲಿ ಕಲಿತದ್ದು ಸುಳ್ಳಲ್ಲ, ಆದರೆ ಅದು ಅರ್ಧ ಪಾಠ. ಉಳಿದರ್ಧವನ್ನು ಯಾರೂ ಬಿಡಿಸಿ ಹೇಳದೆ ಹೋದುದರಿಂದ, ಇಂಗ್ಲಿಷಿನಲ್ಲಿ ದಿನವಿಡೀ ವ್ಯವಹರಿಸುವವರೂ ಈ ಪುಟ್ಟ ಕ್ರಿಯಾಪದದ ಬಳಿ ಬಂದಾಗ ಎಡವುವುದುಂಟು.

ವ್ಯತ್ಯಾಸದ ಮೂಲ ಇರುವುದು ಕರ್ತೃವಿನ ಸ್ಥಾನದಲ್ಲಿ ಯಾರು ಕೂರುತ್ತಾರೆ ಎಂಬುದರಲ್ಲಿ. ಕನ್ನಡದಲ್ಲಿ ‘ನನಗೊಬ್ಬ ಮಗನಿದ್ದಾನೆ’ ಎಂದಾಗ ‘ಇದ್ದಾನೆ’ ಎಂಬ ರೂಪ ಮಗನನ್ನು ಅನುಸರಿಸುತ್ತದೆ. ಮಗಳಾದರೆ ‘ಇದ್ದಾಳೆ’, ಇಬ್ಬರು ತಮ್ಮಂದಿರಾದರೆ ‘ಇದ್ದಾರೆ’, ಎರಡು ಎಕರೆ ತೋಟವಾದರೆ ‘ಇದೆ’. ಒಡೆಯನಾದ ‘ನಾನು’ ಚತುರ್ಥಿ ವಿಭಕ್ತಿಯಲ್ಲಿ ‘ನನಗೆ’ ಆಗಿ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ವಾಕ್ಯ ನಡೆಯುವುದು ನನ್ನಲ್ಲಿರುವ ವಸ್ತು ಅಥವಾ ವ್ಯಕ್ತಿಯ ಸುತ್ತ. ಇಂಗ್ಲಿಷಿನ ‘ಹ್ಯಾವ್’ ಇದನ್ನು ತಿರುವಿ ಹಾಕುತ್ತದೆ. ಅಲ್ಲಿ ಒಡೆಯನೇ ಕರ್ತೃ, ಒಡೆತನಕ್ಕೆ ಒಳಗಾದದ್ದು ಕರ್ಮ. ಹೀಗಾಗಿ ‘ಹ್ಯಾವ್’ ಬರಬೇಕೋ ‘ಹ್ಯಾಸ್’ ಬರಬೇಕೋ ಎಂಬುದನ್ನು ತೀರ್ಮಾನಿಸುವವನು ಒಡೆಯ. ತಮ್ಮಂದಿರು ಹತ್ತು ಮಂದಿ ಇದ್ದರೂ ‘ಹಿ ಹ್ಯಾಸ್’ ಎಂಬುದು ‘ಹ್ಯಾಸ್’ ಆಗಿಯೇ ಉಳಿಯುತ್ತದೆ.

ಈ ವಿಷಯದಲ್ಲಿ ಕನ್ನಡವೇನೂ ಒಂಟಿಯಾಗಿ ನಿಂತಿಲ್ಲ. ತಮಿಳು, ತೆಲುಗುಗಳ ವಾಕ್ಯರಚನೆ ನಮ್ಮದರಂತೆಯೇ ಇದೆ. ಹಿಂದಿಯಲ್ಲಿ ‘ಮೇರೇ ಪಾಸ್’ ಎನ್ನುತ್ತಾರೆ. ರಷ್ಯನ್ನರು ‘ನನ್ನ ಬಳಿ ಇದೆ’ ಎಂಬ ಅರ್ಥದ ರಚನೆಯನ್ನೇ ಬಳಸುತ್ತಾರೆ. ಐರಿಷ್ ಭಾಷೆಯಲ್ಲಿ ಪುಸ್ತಕ ‘ನನ್ನಲ್ಲಿ ಇರುತ್ತದೆ’. ಹಳೆಯ ಲ್ಯಾಟಿನ್ನಿನಲ್ಲಿ ‘ಹಬೇರೆ’ ಎಂಬ ಒಡೆತನದ ಕ್ರಿಯಾಪದ ಇದ್ದರೂ ಅದರ ಜೊತೆಜೊತೆಗೇ ‘ಮಿಹಿ ಎಸ್ಟ್ ಲಿಬರ್’, ಅಂದರೆ ಅಕ್ಷರಶಃ ‘ನನಗೆ ಪುಸ್ತಕ ಇದೆ’ ಎಂಬ ರಚನೆಯೂ ಸಲೀಸಾಗಿ ನಡೆಯುತ್ತಿತ್ತು. ಆದ್ದರಿಂದ ‘ಹ್ಯಾವ್‌ಗೆ ಸಮನಾದ ಪದ ಕನ್ನಡದಲ್ಲಿಲ್ಲ’ ಎಂಬುದನ್ನು ಒಂದು ಕೊರತೆಯಂತೆ ಹೇಳುವವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಪದದ ಹುಟ್ಟನ್ನು ನೋಡಿದರೆ ಅದರ ಸ್ವಭಾವ ಇನ್ನಷ್ಟು ತಿಳಿಯಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದು ‘ಹಬ್ಬನ್’ ಆಗಿತ್ತು, ಜರ್ಮನ್ ಭಾಷೆಯ ‘ಹಾಬೆನ್’ ಇದರ ಸೋದರ ಪದ. ನೋಡಲು ಹೆಚ್ಚು ಕಡಿಮೆ ಒಂದೇ ತೆರನಾಗಿರುವ ಲ್ಯಾಟಿನ್ನಿನ ‘ಹಬೇರೆ’ ಮಾತ್ರ ಈ ಕುಟುಂಬಕ್ಕೆ ಸೇರಿದ್ದಲ್ಲ. ಭಾಷಾಶಾಸ್ತ್ರಜ್ಞರು ‘ಹ್ಯಾವ್’ ಪದವನ್ನು ‘ಹಿಡಿ, ವಶಪಡಿಸಿಕೊ’ ಎಂಬ ಅರ್ಥದ ಪ್ರಾಚೀನ ಧಾತುವಿಗೆ ಜೋಡಿಸುತ್ತಾರೆ. ಲ್ಯಾಟಿನ್ನಿನಲ್ಲಿ ಅದೇ ಧಾತುವಿನಿಂದ ಬಂದದ್ದು ‘ಕಪೇರೆ’, ಅದರಿಂದ ಇಂಗ್ಲಿಷಿಗೆ ಬಂದದ್ದು ‘ಕ್ಯಾಪ್ಚರ್’. ಮೂಲದ ‘ಕ’ಕಾರ ಇಂಗ್ಲಿಷ್, ಜರ್ಮನ್ ಸೇರಿದ ಜರ್ಮನಿಕ್ ಭಾಷೆಗಳಲ್ಲಿ ‘ಹ’ಕಾರವಾಗುವ ಈ ಕ್ರಮವನ್ನು ಜರ್ಮನ್ ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್ 1822ರಲ್ಲಿ ಸೂತ್ರರೂಪದಲ್ಲಿ ನಿರೂಪಿಸಿದರು. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನು, ‘ಪೂ’ ‘ಹೂ’ ಆದದ್ದನ್ನು ಓದಿಕೊಂಡಿರುವ ನಮಗೆ ಇಂತಹ ಧ್ವನಿ ಬದಲಾವಣೆ ಅಪರಿಚಿತವೇನಲ್ಲ. ಅಂತೂ ‘ಹ್ಯಾವ್’ ಎಂಬುದರ ಬೇರಿನಲ್ಲಿರುವುದು ಕೈಯಲ್ಲಿ ಹಿಡಿದುಕೊಳ್ಳುವ ಕ್ರಿಯೆ. ಹಿಡಿದದ್ದು ಕೈಯಲ್ಲೇ ಉಳಿದಾಗ ಅದು ಒಡೆತನವಾಯಿತು, ಕ್ರಿಯೆ ಹೋಗಿ ಸ್ಥಿತಿ ಉಳಿಯಿತು.

ಕ್ರಿಯೆ ಮತ್ತು ಸ್ಥಿತಿ ಎಂಬ ಈ ಭೇದವನ್ನು ಗಟ್ಟಿಯಾಗಿ ಹಿಡಿದುಕೊಂಡರೆ, ನಮ್ಮವರ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕೇಳಿಬರುವ ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂಬ ವಾಕ್ಯ ಏಕೆ ಸರಿಯಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ. ‘ಇಂಗ್’ ಪ್ರತ್ಯಯ ಸೇರುವುದು ನಡೆಯುತ್ತಿರುವ ಸಂಗತಿಗೆ. ಅಕ್ಕತಂಗಿಯರಿರುವುದು ಒಂದು ಸ್ಥಿತಿ. ಅದು ಈಗ ಆರಂಭವಾಗಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಮುಗಿಯುವ ಕೆಲಸವಲ್ಲ. ಹಾಗೆಂದು ‘ಹ್ಯಾವಿಂಗ್’ ಎಂಬ ರೂಪವೇ ತಪ್ಪೆಂದು ಕೆಲವು ಮೇಷ್ಟ್ರುಗಳು ಹೇಳಿಕೊಡುವುದೂ ಸರಿಯಲ್ಲ. ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಎಂಬುದು ಅಪ್ಪಟ ಇಂಗ್ಲಿಷ್.

ಇಲ್ಲಿ ಕನ್ನಡವೇ ನಮಗೆ ಒಳ್ಳೆಯ ಪರೀಕ್ಷೆಯನ್ನು ಒದಗಿಸುತ್ತದೆ. ಹೇಳಬೇಕಾದ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಬೇಕು. ಅದು ‘ಇದೆ’ ಎಂದು ಮುಗಿದರೆ ‘ಹ್ಯಾವ್’ ಸಾಕು. ‘ನಡೆಯುತ್ತಿದೆ’, ‘ಮಾಡುತ್ತಿದ್ದೇನೆ’, ‘ಆಗುತ್ತಿದೆ’ ಎಂದು ಮುಗಿದರೆ ‘ಹ್ಯಾವಿಂಗ್’ ಸಲ್ಲುತ್ತದೆ. ‘ಮೀಟಿಂಗ್ ಇದೆ’ ಎಂಬುದು ‘ವಿ ಹ್ಯಾವ್ ಎ ಮೀಟಿಂಗ್’. ‘ಮೀಟಿಂಗ್ ನಡೆಯುತ್ತಿದೆ’ ಎಂಬುದು ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್’. ‘ತಲೆನೋವು ಇದೆ’ ಎಂದರೆ ‘ಐ ಹ್ಯಾವ್ ಎ ಹೆಡೇಕ್’. ‘ಉಸಿರಾಡಲು ಕಷ್ಟವಾಗುತ್ತಿದೆ’ ಎಂದರೆ ‘ಐ ಆ್ಯಮ್ ಹ್ಯಾವಿಂಗ್ ಟ್ರಬಲ್ ಬ್ರೀದಿಂಗ್’. ‘ಷಿ ಹ್ಯಾಸ್ ಎ ಬೇಬಿ’ ಎಂದರೆ ಅವಳಿಗೆ ಮಗುವಿದೆ; ‘ಷಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಅವಳು ಗರ್ಭಿಣಿ, ಅಥವಾ ಈಗ ಹೆರಿಗೆಯೇ ಆಗುತ್ತಿದೆ. ‘ನಿಮಗೆಷ್ಟು ಮಕ್ಕಳು’ ಎಂದು ವಿಚಾರಿಸುವ ಉದ್ದೇಶದಿಂದ ‘ಹೌ ಮೆನಿ ಚಿಲ್ಡ್ರನ್ ಆರ್ ಯೂ ಹ್ಯಾವಿಂಗ್’ ಎಂದು ಇಂಗ್ಲೆಂಡಿನ ಹೆಂಗಸೊಬ್ಬಳನ್ನು ಕೇಳಿದರೆ, ತನ್ನ ಹೊಟ್ಟೆಯಲ್ಲಿ ಅವಳಿಮಕ್ಕಳಿವೆಯೇ ಎಂದು ಕೇಳುತ್ತಿದ್ದಾರೆಂದು ಆಕೆ ತಿಳಿದುಕೊಳ್ಳುವ ಸಾಧ್ಯತೆ ಇದೆ.

‘ಹ್ಯಾವಿಂಗ್’ ಬಳಕೆಯ ಹೊಣೆಯನ್ನು ಕನ್ನಡಿಗರ ತಲೆಗೆ ಮಾತ್ರ ಕಟ್ಟುವಂತಿಲ್ಲ. ಹಿಂದಿ, ತಮಿಳು, ಬಂಗಾಳಿ ಮಾತನಾಡುವವರೂ ‘ನೋಯಿಂಗ್’, ‘ಅಂಡರ್‌ಸ್ಟ್ಯಾಂಡಿಂಗ್’ ಎಂದು ಸ್ಥಿತಿಸೂಚಕ ಪದಗಳಿಗೆಲ್ಲ ‘ಇಂಗ್’ ಹಚ್ಚುತ್ತಾರೆ. ಭಾರತೀಯ ಇಂಗ್ಲಿಷಿನ ಲಕ್ಷಣಗಳಲ್ಲಿ ಇದೂ ಒಂದೆಂದು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮನಮ್ಮಲ್ಲಿ ಮಾತನಾಡಿಕೊಳ್ಳುವಾಗ ಇದರಿಂದ ಯಾರಿಗೂ ಅರ್ಥ ಕೆಡುವುದಿಲ್ಲ, ಹಾಗಾಗಿ ಆಡಿದವರನ್ನು ನಡುವೆ ತಡೆದು ತಿದ್ದುವುದು ನನ್ನ ದೃಷ್ಟಿಯಲ್ಲಿ ಸಭ್ಯತೆಯೂ ಅಲ್ಲ. ಅರ್ಜಿ, ಪರೀಕ್ಷೆ, ಹೊರದೇಶದ ಪತ್ರವ್ಯವಹಾರಗಳಲ್ಲಿ ಮಾತ್ರ ಎಚ್ಚರ ಬೇಕು.

ಇನ್ನು ಈ ಪದದ ಎರಡನೆಯ ಮುಖಕ್ಕೆ ಬರೋಣ. ‘ಐ ಹ್ಯಾವ್ ರಿಟನ್ ದ ಲೆಟರ್’ ಎಂಬಲ್ಲಿ ಒಡೆತನ ಎಲ್ಲಿದೆ? ಮೇಲ್ನೋಟಕ್ಕೆ ಎಲ್ಲೂ ಇಲ್ಲ, ಆದರೆ ಹಿಂದೆ ಇತ್ತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ವಾಕ್ಯದ ತಿರುಳು ‘ಬರೆದು ಮುಗಿಸಿದ ಸ್ಥಿತಿಯಲ್ಲಿರುವ ಪತ್ರ ನನ್ನ ಬಳಿ ಇದೆ’ ಎಂಬುದಾಗಿತ್ತು. ‘ಬರೆದ’ ಎಂಬುದು ಪತ್ರದ ವಿಶೇಷಣವಾಗಿತ್ತು, ಅದು ಪತ್ರದ ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ರೂಪ ಬದಲಿಸುವುದೂ ಇತ್ತು. ಬರೆದ ಪತ್ರ ನನ್ನ ಬಳಿ ಇದೆ ಎಂದರೆ ಅದನ್ನು ಬರೆದವನು ಬಹುಮಟ್ಟಿಗೆ ನಾನೇ. ಹೀಗೆ ಒಡೆತನದ ಅರ್ಥ ಮೆಲ್ಲಗೆ ಕರಗಿ, ‘ಹ್ಯಾವ್’ ಒಂದು ಸಹಾಯಕ ಕ್ರಿಯಾಪದವಾಗಿ, ಕೆಲಸ ಮುಗಿದಿದೆ ಮತ್ತು ಅದರ ಫಲ ಈಗಲೂ ಉಳಿದಿದೆ ಎಂಬುದನ್ನು ಸೂಚಿಸತೊಡಗಿತು.

ಕನ್ನಡ ಇದೇ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದನ್ನು ಗಮನಿಸಬೇಕು. ‘ಬರೆದಿದ್ದೇನೆ’ ಎಂಬುದನ್ನು ಬಿಡಿಸಿದರೆ ‘ಬರೆದು’ ಮತ್ತು ‘ಇದ್ದೇನೆ’ ಎಂಬ ಎರಡು ಭಾಗಗಳು ಸಿಗುತ್ತವೆ. ಒಡೆತನವನ್ನು ಹೇಳಲು ನೆರವಾಗುವ ‘ಇರು’ ಧಾತುವೇ ಇಲ್ಲಿ ಪೂರ್ಣಗೊಂಡ ಕ್ರಿಯೆಯನ್ನೂ ಹೇಳುತ್ತಿದೆ. ಅಂದರೆ ಇಂಗ್ಲಿಷಿನಲ್ಲಿ ‘ಹ್ಯಾವ್’ ಹೊತ್ತಿರುವ ಎರಡು ಹೊರೆಗಳನ್ನೇ ಕನ್ನಡದಲ್ಲಿ ‘ಇರು’ ಹೊತ್ತಿದೆ. ಇಂಗ್ಲಿಷಿನಲ್ಲೂ ‘ಇರು’ವಿನ ಸಮಾನಾರ್ಥಕವಾದ ‘ಬಿ’ ಒಂದು ಕಾಲದಲ್ಲಿ ಈ ಕೆಲಸದಲ್ಲಿ ಪಾಲುದಾರನಾಗಿತ್ತು. ಹೋಗು, ಬರು, ಆಗು ಮುಂತಾದ ಕ್ರಿಯಾಪದಗಳಿಗೆ ಹಿಂದೆ ‘ಹ್ಯಾವ್’ ಬದಲು ‘ಬಿ’ ಸೇರುತ್ತಿತ್ತು. ಜರ್ಮನ್ ಭಾಷೆಯಲ್ಲಿ ಈಗಲೂ ಹಾಗೆಯೇ ಇದೆ. ಅಣುಬಾಂಬಿನ ವಿಜ್ಞಾನಿ ಓಪನ್‌ಹೈಮರ್ 1965ರ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಗೀತೆಯ ಹನ್ನೊಂದನೆಯ ಅಧ್ಯಾಯದ ಮಾತನ್ನು ‘ನೌ ಐ ಆ್ಯಮ್ ಬಿಕಮ್ ಡೆತ್’ ಎಂದು ಉಲ್ಲೇಖಿಸಿದಾಗ, ‘ಹ್ಯಾವ್ ಬಿಕಮ್’ ಎನ್ನಬೇಕಾದಲ್ಲಿ ‘ಆ್ಯಮ್’ ಎಂದದ್ದು ವ್ಯಾಕರಣದೋಷದಂತೆ ಹಲವರಿಗೆ ತೋರಿತ್ತು. ಅದು ದೋಷವಾಗಿರಲಿಲ್ಲ, ಬಳಕೆ ತಪ್ಪಿದ ಆ ಹಳೆಯ ರೂಪವಾಗಿತ್ತು.

ಎರಡೂ ಭಾಷೆಗಳು ಇಷ್ಟು ಹತ್ತಿರ ಬಂದಿರುವುದರಿಂದಲೇ ತೊಡಕು ಆರಂಭವಾಗುತ್ತದೆ. ‘ಬರೆದಿದ್ದೇನೆ’ ಮತ್ತು ‘ಹ್ಯಾವ್ ರಿಟನ್’ ಒಂದೇ ಎಂದು ನಂಬಿ ನಾವು ಮುಂದುವರಿಯುತ್ತೇವೆ, ಆದರೆ ಕನ್ನಡದ ರೂಪಕ್ಕೆ ಇರುವ ಸ್ವಾತಂತ್ರ್ಯ ಇಂಗ್ಲಿಷಿನದಕ್ಕೆ ಇಲ್ಲ. ‘ನಿನ್ನೆಯೇ ಹಣ ಕಳಿಸಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ‘ಐ ಹ್ಯಾವ್ ಸೆಂಟ್ ದ ಮನಿ ಯೆಸ್ಟರ್‌ಡೇ’ ಎಂಬುದು ಸಮ್ಮತ ಇಂಗ್ಲಿಷ್ ಅಲ್ಲ. ‘ಹ್ಯಾವ್’ ಸೇರಿದ ಈ ರೂಪ ವರ್ತಮಾನದ ಜೊತೆ ಕೊಂಡಿ ಹಾಕಿಕೊಂಡಿರುತ್ತದೆ. ‘ನಿನ್ನೆ’, ‘ಹೋದ ವಾರ’, ‘1998ರಲ್ಲಿ’ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದ ಕೂಡಲೇ ಆ ಕೊಂಡಿ ಕಳಚುತ್ತದೆ, ಆಗ ‘ಐ ಸೆಂಟ್’ ಎಂಬ ಸರಳ ಭೂತಕಾಲವೇ ಬರಬೇಕು. ‘ಐ ಹ್ಯಾವ್ ಲಾಸ್ಟ್ ಮೈ ಕೀ’ ಎಂದರೆ ಬೀಗದ ಕೈ ಇನ್ನೂ ಸಿಕ್ಕಿಲ್ಲ ಎಂಬುದು ಮಾತಿನೊಳಗೇ ಅಡಗಿದೆ. ‘ಐ ಲಾಸ್ಟ್ ಮೈ ಕೀ’ ಎಂದರೆ ಕಳೆದದ್ದಷ್ಟೇ ಗೊತ್ತಾಗುತ್ತದೆ, ಆಮೇಲೆ ಸಿಕ್ಕಿತೋ ಇಲ್ಲವೋ ತಿಳಿಯದು. ಅಮೆರಿಕನ್ನರು ಈ ವಿಷಯದಲ್ಲಿ ಸ್ವಲ್ಪ ಸಡಿಲ. ಬ್ರಿಟಿಷರು ‘ಹ್ಯಾವ್ ಯೂ ಈಟನ್’ ಎನ್ನುವಲ್ಲಿ ಅವರು ‘ಡಿಡ್ ಯೂ ಈಟ್’ ಎಂದು ಮುಗಿಸಿಬಿಡುವುದುಂಟು.

ಅವಧಿಯನ್ನು ಹೇಳುವಾಗ ತೊಡಕು ತಿರುಗುಮುರುಗಾಗುತ್ತದೆ. ‘ಹತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ’ ಎಂಬ ಮಾತಿನಲ್ಲಿ ಕನ್ನಡಕ್ಕೆ ವರ್ತಮಾನ ಕಾಲವೇ ಸಾಕು, ‘ಇಂದ’ ಎಂಬ ಪ್ರತ್ಯಯ ಉಳಿದುದನ್ನು ನೋಡಿಕೊಳ್ಳುತ್ತದೆ. ಅದನ್ನೇ ಯಥಾವತ್ತಾಗಿ ದಾಟಿಸಿದಾಗ ‘ಐ ಆ್ಯಮ್ ಲಿವಿಂಗ್ ಇನ್ ಬೆಂಗಳೂರು ಸಿನ್ಸ್ ಟೆನ್ ಇಯರ್ಸ್’ ಎಂಬ, ನಾವೆಲ್ಲ ಕೇಳಿರುವ ವಾಕ್ಯ ಹುಟ್ಟುತ್ತದೆ. ಇಂಗ್ಲಿಷ್ ಇಲ್ಲಿ ‘ಐ ಹ್ಯಾವ್ ಲಿವ್ಡ್ ಇನ್ ಬೆಂಗಳೂರು ಫಾರ್ ಟೆನ್ ಇಯರ್ಸ್’ ಎಂದು ಕೇಳುತ್ತದೆ. ಹಿಂದೆ ಆರಂಭವಾಗಿ ಈಗಲೂ ಮುಂದುವರಿದಿರುವುದಕ್ಕೆ ‘ಹ್ಯಾವ್’, ಅವಧಿಗೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’. ನಮ್ಮ ‘ಇಂದ’ ಅವಧಿಗೂ ಸಲ್ಲುತ್ತದೆ, ಆರಂಭಕ್ಕೂ ಸಲ್ಲುತ್ತದೆ. ತಪ್ಪು ನುಸುಳುವುದು ಅಲ್ಲಿಂದಲೇ.

‘ಹ್ಯಾಡ್’ ರೂಪದ ಅತಿಬಳಕೆಯ ಹಿಂದೆಯೂ ಕನ್ನಡದ ನೆರಳಿದೆ. ‘ಹೋದ ವಾರ ಮೈಸೂರಿಗೆ ಹೋಗಿದ್ದೆ’ ಎಂದು ನಾವು ದಿನವೂ ಹೇಳುತ್ತೇವೆ, ಹೋಗಿ ಬಂದದ್ದಾಯಿತು ಎಂಬುದಷ್ಟೇ ಅದರ ಅರ್ಥ. ಇದು ಇಂಗ್ಲಿಷಿಗೆ ಬರುವಾಗ ‘ಐ ಹ್ಯಾಡ್ ಗಾನ್ ಟು ಮೈಸೂರು ಲಾಸ್ಟ್ ವೀಕ್’ ಆಗುತ್ತದೆ. ಇಂಗ್ಲಿಷಿನಲ್ಲಿ ‘ಹ್ಯಾಡ್ ಗಾನ್’ ಎಂದರೆ, ಹಿಂದೆ ನಡೆದ ಇನ್ನೊಂದು ಘಟನೆಗೂ ಮೊದಲೇ ಹೋಗಿಯಾಗಿತ್ತು ಎಂದು. ‘ಡಾಕ್ಟರು ಬರುವ ಹೊತ್ತಿಗೆ ಜ್ವರ ಇಳಿದಿತ್ತು’ ಎಂಬಂತಹ ಎರಡು ಘಟನೆಗಳ ಮಾತಿಗೆ ಅದು ತಕ್ಕದ್ದು. ‘ಐ ಹ್ಯಾಡ್ ಸೆಂಟ್ ಯೂ ದ ಫೈಲ್ ಯೆಸ್ಟರ್‌ಡೇ’ ಎಂದು ಆಫೀಸಿನ ಮೇಲ್‌ನಲ್ಲಿ ಬರೆದರೆ, ಇಂಗ್ಲಿಷ್ ಮನೆಮಾತಿನವರು ‘ಸರಿ, ಆಮೇಲೇನಾಯಿತು’ ಎಂದು ಮುಂದಿನ ವಾಕ್ಯಕ್ಕಾಗಿ ಕಾಯುತ್ತಾರೆ, ಅಲ್ಲಿ ಮುಂದಿನ ವಾಕ್ಯವೇ ಇರುವುದಿಲ್ಲ. ಅದೇ ವೇಳೆ ಒಂದು ಸೂಕ್ಷ್ಮವನ್ನು ಕನ್ನಡವೇ ನಮಗೆ ಸೊಗಸಾಗಿ ಕಲಿಸಬಲ್ಲದು. ‘ಹಿ ಹ್ಯಾಸ್ ಗಾನ್ ಟು ಡೆಲ್ಲಿ’ ಎಂದರೆ ‘ದೆಹಲಿಗೆ ಹೋಗಿದ್ದಾರೆ’, ಇನ್ನೂ ಅಲ್ಲೇ ಇದ್ದಾರೆ. ‘ಹಿ ಹ್ಯಾಸ್ ಬೀನ್ ಟು ಡೆಲ್ಲಿ’ ಎಂದರೆ ‘ದೆಹಲಿಗೆ ಹೋಗಿ ಬಂದಿದ್ದಾರೆ’. ಈ ‘ಹೋಗಿ ಬಂದಿದ್ದಾರೆ’ ನೆನಪಿನಲ್ಲಿದ್ದರೆ ‘ಬೀನ್ ಟು’ ಎಂದೂ ತಪ್ಪುವುದಿಲ್ಲ.

‘ಹ್ಯಾವ್ ಹ್ಯಾಡ್’, ‘ಹ್ಯಾಡ್ ಹ್ಯಾಡ್’ ಎಂಬ ಜೋಡಿಗಳನ್ನು ಕಂಡು ಅಚ್ಚಿನ ತಪ್ಪೆಂದು ಭಾವಿಸುವವರಿದ್ದಾರೆ. ಇಲ್ಲಿ ಮೊದಲನೆಯದು ಈಗಷ್ಟೇ ನೋಡಿದ ಸಹಾಯಕ ಕ್ರಿಯಾಪದ, ಎರಡನೆಯದು ಮುಖ್ಯ ಕ್ರಿಯಾಪದ. ‘ಐ ಹ್ಯಾವ್ ಹ್ಯಾಡ್ ಮೈ ಲಂಚ್’ ಎಂದರೆ ‘ನನ್ನದು ಊಟ ಆಗಿದೆ’. ‘ವಿ ಹ್ಯಾಡ್ ಹ್ಯಾಡ್ ಅವರ್ ಲಂಚ್ ಬಿಫೋರ್ ದೇ ಕೇಮ್’ ಎಂದರೆ ‘ಅವರು ಬರುವ ಮೊದಲೇ ನಮ್ಮದು ಊಟ ಆಗಿತ್ತು’.

ಮೂರನೆಯ ಮುಖ ಕರ್ತವ್ಯ ಅಥವಾ ಅನಿವಾರ್ಯತೆಯದು. ‘ಐ ಹ್ಯಾವ್ ಎ ಲೆಟರ್ ಟು ರೈಟ್’ ಎಂದರೆ ಬರೆಯಬೇಕಾದ ಪತ್ರವೊಂದು ನನ್ನ ಪಾಲಿಗಿದೆ ಎಂದು. ಪದಗಳ ಸ್ಥಾನ ಅತ್ತಿತ್ತ ಸರಿದು ‘ಐ ಹ್ಯಾವ್ ಟು ರೈಟ್ ಎ ಲೆಟರ್’ ಆದಾಗ ಒಡೆತನ ಹಿಂದೆ ಸರಿಯಿತು, ‘ಬರೆಯಲೇಬೇಕು’ ಎಂಬ ಒತ್ತಾಯ ಮುಂದೆ ಬಂತು. ಇದಕ್ಕೆ ಕನ್ನಡದಲ್ಲಿ ‘ಬೇಕು’ ಎಂಬ ಸಿದ್ಧ ಅನುವಾದ ಇರುವುದರಿಂದ ನಾವು ಮುಂದೆ ಯೋಚಿಸುವುದಿಲ್ಲ. ಆದರೆ ‘ನನಗೆ ನಾಳೆ ಬ್ಯಾಂಕಿಗೆ ಹೋಗುವುದಿದೆ’ ಎಂಬ ಮಾತನ್ನು ಸ್ವಲ್ಪ ನಿಂತು ಕೇಳಿಸಿಕೊಳ್ಳಬೇಕು. ಧಾರವಾಡದ ಕಡೆಯವರು ‘ಹೋಗೂದೈತಿ’ ಎನ್ನುತ್ತಾರೆ, ಮಂಗಳೂರಿನವರು ‘ಹೋಗ್ಲಿಕ್ಕುಂಟು’ ಎನ್ನುತ್ತಾರೆ. ‘ನನಗೆ ಮನೆ ಇದೆ’, ‘ನನಗೆ ಹೋಗುವುದಿದೆ’ ಎಂಬ ಎರಡೂ ವಾಕ್ಯಗಳ ಕಟ್ಟು ಒಂದೇ. ಒಡೆತನ, ಮುಗಿದ ಕ್ರಿಯೆ, ಮಾಡಬೇಕಾದ ಕ್ರಿಯೆ ಎಂಬ ಮೂರನ್ನೂ ಇಂಗ್ಲಿಷ್ ‘ಹ್ಯಾವ್’ ಮೇಲೆ ನಿಲ್ಲಿಸಿದರೆ ಕನ್ನಡ ‘ಇರು’ವಿನ ಮೇಲೆ ನಿಲ್ಲಿಸಿದೆ. ಸಾವಿರಾರು ಮೈಲಿ ದೂರದಲ್ಲಿ ಬೆಳೆದ, ನಂಟಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ಸಾಮಗ್ರಿಯಿಂದ ಅದೇ ಮೂರು ಕೋಣೆಗಳನ್ನು ಕಟ್ಟಿಕೊಂಡಿವೆ. ಬಾಗಿಲು ಮಾತ್ರ ಬೇರೆ ದಿಕ್ಕಿಗಿದೆ.

ಈ ‘ಹ್ಯಾವ್ ಟು’ ಈಗ ಅರ್ಥದಲ್ಲಿ ಮಾತ್ರವಲ್ಲ, ಉಚ್ಚಾರಣೆಯಲ್ಲೂ ಬೇರೆಯೇ ಪದವಾಗಿಬಿಟ್ಟಿದೆ. ಸಹಜವಾಗಿ ಮಾತನಾಡುವಾಗ ಅದು ‘ಹ್ಯಾಫ್ಟು’ ಎಂದು ಕೇಳಿಸುತ್ತದೆ, ‘ಹ್ಯಾಸ್ ಟು’ ಎಂಬುದು ‘ಹ್ಯಾಸ್ಟು’ ಆಗುತ್ತದೆ. ‘ದ ಮನಿ ಐ ಹ್ಯಾವ್ ಟು ಸ್ಪೆಂಡ್’ ಎಂಬ ಬರಹಕ್ಕೆ ಎರಡು ಅರ್ಥಗಳಿವೆ. ‘ವ’ಕಾರವನ್ನು ಉಳಿಸಿ ಬಿಡಿಸಿ ಹೇಳಿದರೆ ಖರ್ಚಿಗೆಂದು ನನ್ನ ಕೈಯಲ್ಲಿರುವ ಹಣ, ‘ಹ್ಯಾಫ್ಟು’ ಎಂದು ಕೂಡಿಸಿ ಹೇಳಿದರೆ ಖರ್ಚು ಮಾಡಲೇಬೇಕಾದ ಹಣ. ತಿಂಗಳ ಕೊನೆಯಲ್ಲಿ ಈ ಎರಡು ಮೊತ್ತಗಳು ಒಂದೇ ಆಗಿರುವುದು ಅಪರೂಪ.

ನಿಷೇಧರೂಪದಲ್ಲಿ ಹೆಚ್ಚಿನ ಜಾಗ್ರತೆ ಬೇಕು. ‘ಮಸ್ಟ್’ ಮತ್ತು ‘ಹ್ಯಾವ್ ಟು’ ಎರಡಕ್ಕೂ ‘ಬೇಕು’ ಎಂದೇ ಹೇಳುತ್ತೇವೆ, ಆದರೆ ‘ನಾಟ್’ ಸೇರಿದಾಗ ಇವು ಎರಡು ದಾರಿ ಹಿಡಿಯುತ್ತವೆ. ‘ಯೂ ಮಸ್ಟ್ ನಾಟ್ ಪೇ’ ಎಂದರೆ ‘ದುಡ್ಡು ಕೊಡಬಾರದು’. ‘ಯೂ ಡೋಂಟ್ ಹ್ಯಾವ್ ಟು ಪೇ’ ಎಂದರೆ ‘ದುಡ್ಡು ಕೊಡಬೇಕಾಗಿಲ್ಲ’, ಕೊಟ್ಟರೂ ಅಡ್ಡಿಯಿಲ್ಲ. ‘ಬಾರದು’ ಮತ್ತು ‘ಬೇಕಾಗಿಲ್ಲ’ ಎಂಬ ಎರಡು ಸ್ಪಷ್ಟ ರೂಪಗಳು ಕನ್ನಡದಲ್ಲಿರುವುದರಿಂದ ನಮಗಿದು ಕಷ್ಟವಾಗಬೇಕಾಗಿಲ್ಲ, ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಸಾಕು. ‘ಮಸ್ಟ್’ಗೆ ಭೂತಕಾಲದ ರೂಪ ಇಲ್ಲದಿರುವುದರಿಂದ ‘ಹೋಗಬೇಕಾಯಿತು’ ಎನ್ನಲು ‘ಹ್ಯಾಡ್ ಟು ಗೋ’ ಒಂದೇ ದಾರಿ.

‘ಹ್ಯಾಡ್ ಬೆಟರ್’ ಎಂಬುದನ್ನು ಈ ಗುಂಪಿನ ದೂರದ ನೆಂಟ ಎನ್ನಬಹುದು. ‘ಯೂ ಹ್ಯಾಡ್ ಬೆಟರ್ ಗೋ’ ಎಂದರೆ ಹೋಗುವುದು ಒಳ್ಳೆಯದು ಎಂದರ್ಥವಾದರೂ, ಹೋಗದಿದ್ದರೆ ಏನೋ ಕಾದಿದೆ ಎಂಬ ಬೆದರಿಕೆಯ ದನಿ ಅದರಲ್ಲಿರುತ್ತದೆ. ಹಿರಿಯರಿಗೆ, ಮೇಲಧಿಕಾರಿಗಳಿಗೆ ಸಲಹೆ ಕೊಡುವಾಗ ಇದನ್ನು ಬಳಸದಿರುವುದು ಕ್ಷೇಮ.

ನಾಲ್ಕನೆಯ ಬಳಕೆಯಲ್ಲಿ ಕನ್ನಡದ ಸಂಪತ್ತು ಎದ್ದು ಕಾಣುತ್ತದೆ. ನಾವೇ ಮಾಡದೆ ಇನ್ನೊಬ್ಬರಿಂದ ಮಾಡಿಸುವುದನ್ನು ಕನ್ನಡ ‘ಇಸು’ ಎಂಬ ಪ್ರತ್ಯಯದಿಂದ ಹೇಳಿ ಮುಗಿಸುತ್ತದೆ. ಬಟ್ಟೆ ಹೊಲಿಸುತ್ತೇವೆ, ಬೋರ್‌ವೆಲ್ ಕೊರೆಸುತ್ತೇವೆ, ಝೆರಾಕ್ಸ್ ಮಾಡಿಸುತ್ತೇವೆ, ಕಟಿಂಗ್ ಮಾಡಿಸಿಕೊಳ್ಳುತ್ತೇವೆ. ಇಂತಹ ಪ್ರತ್ಯಯ ಇಲ್ಲದ ಇಂಗ್ಲಿಷ್, ‘ಹ್ಯಾವ್’ ಮತ್ತು ಪದಗಳ ಕ್ರಮ ಎಂಬ ಎರಡರಿಂದಲೇ ಇದನ್ನು ಸಾಧಿಸಬೇಕು. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂದರೆ ಕೂದಲು ಕತ್ತರಿಸಿಕೊಂಡು ಬಂದೆ. ‘ಐ ಕಟ್ ಮೈ ಹೇರ್’ ಎಂದರೆ ಕನ್ನಡಿಯ ಮುಂದೆ ನಿಂತು ನಾನೇ ಕತ್ತರಿ ಹಿಡಿದೆ ಎಂದು ಕೇಳುಗರು ತಿಳಿಯಬಹುದು. ಕ್ರಮ ಎಷ್ಟು ಮುಖ್ಯವೆಂದರೆ, ‘ಐ ಹ್ಯಾಡ್ ದ ಟ್ಯಾಪ್ ಫಿಕ್ಸ್ಡ್’ ಎಂದರೆ ‘ನಲ್ಲಿ ರಿಪೇರಿ ಮಾಡಿಸಿದೆ’. ‘ಐ ಹ್ಯಾಡ್ ಫಿಕ್ಸ್ಡ್ ದ ಟ್ಯಾಪ್’ ಎಂದರೆ ‘ನಾನೇ ನಲ್ಲಿ ರಿಪೇರಿ ಮಾಡಿದ್ದೆ’. ಪದಗಳೆಲ್ಲ ಅವೇ, ‘ಟ್ಯಾಪ್’ ಒಂದು ಹೆಜ್ಜೆ ಸರಿದಿದೆ, ಕೆಲಸ ಪ್ಲಂಬರನ ಕೈಯಿಂದ ನನ್ನ ಕೈಗೆ ಬಂದಿದೆ. ಕೆಲಸ ಮಾಡಿದವನನ್ನು ಹೆಸರಿಸಬೇಕಿದ್ದರೆ ‘ಐ ಹ್ಯಾಡ್ ದ ಪ್ಲಂಬರ್ ಫಿಕ್ಸ್ ದ ಟ್ಯಾಪ್’ ಎಂದು ಕ್ರಿಯಾಪದದ ಮೂಲರೂಪವನ್ನೇ ಇಡಬೇಕು, ಅದರ ಹಿಂದೆ ‘ಟು’ ಬರುವಂತಿಲ್ಲ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಲ್ಲಿ ‘ಕಟ್ಟಿಸಿ’ ಎನ್ನದೆ ‘ಕಟ್ಟಿ’ ಎಂದೇ ಇದೆ. ದುಡ್ಡು ಸುರಿದು ಓಡಾಡಿದವನನ್ನೇ ಕಟ್ಟಿದವನೆಂದು ನಮ್ಮವರೂ ಒಪ್ಪಿಕೊಂಡಿದ್ದಾರೆ. ಇಂಗ್ಲಿಷಿನವರೂ ‘ಐ ಬಿಲ್ಟ್ ಎ ಹೌಸ್’ ಎಂದು ಸಡಿಲವಾಗಿ ಹೇಳುವುದುಂಟು. ಹಾಗಾಗಿ ಈ ನಿಯಮವನ್ನು ಕತ್ತಿಯಂತೆ ಝಳಪಿಸುವ ಅಗತ್ಯವಿಲ್ಲ.

ನಮ್ಮ ‘ಮಾಡಿಸು’ ಮುಚ್ಚಿಡುವ ಒಂದು ಭೇದವನ್ನು ಮಾತ್ರ ಇಂಗ್ಲಿಷ್ ಬಿಚ್ಚಿ ತೋರಿಸುತ್ತದೆ. ಒತ್ತಾಯದಿಂದ ಮಾಡಿಸಿದರೆ ‘ಮೇಡ್ ಹಿಮ್ ಡು ಇಟ್’, ಪುಸಲಾಯಿಸಿ ಮಾಡಿಸಿದರೆ ‘ಗಾಟ್ ಹಿಮ್ ಟು ಡು ಇಟ್’, ಹೇಳಿ ಮಾಡಿಸುವ ಅಧಿಕಾರ ಇದ್ದು ಮಾಡಿಸಿದರೆ ‘ಹ್ಯಾಡ್ ಹಿಮ್ ಡು ಇಟ್’. ಕಚೇರಿಯಲ್ಲಿ ಕೈಕೆಳಗಿನವರಿಂದ ಮಾಡಿಸಿದ್ದಕ್ಕೆ ‘ಹ್ಯಾಡ್’ ಒಪ್ಪುತ್ತದೆ. ಅತ್ತೆಯವರಿಂದ ಹೋಳಿಗೆ ಮಾಡಿಸಿಕೊಂಡು ಬಂದದ್ದಕ್ಕೆ ಅದೇ ಪದವನ್ನು ಬಳಸಿದರೆ ಅವರನ್ನು ಆಳಿನಂತೆ ನಡೆಸಿಕೊಂಡ ಹಾಗಾಗುತ್ತದೆ. ಇನ್ನು ‘ಐ ಹ್ಯಾಡ್ ಮೈ ಪರ್ಸ್ ಸ್ಟೋಲನ್’ ಎಂಬಲ್ಲಿ ರಚನೆ ಅದೇ ಆದರೂ ಯಾರೂ ತಮ್ಮ ಪರ್ಸನ್ನು ತಾವೇ ಕದಿಸುವುದಿಲ್ಲ. ಅನುಭವಿಸಬೇಕಾಗಿ ಬಂದ ನಷ್ಟವನ್ನು ಅದು ಹೇಳುತ್ತದೆ. ‘ಪರ್ಸ್ ಕಳುವಾಯಿತು’ ಎಂಬುದೇ ಅದರ ಕನ್ನಡ.

ಊಟ ತಿಂಡಿಯ ‘ಹ್ಯಾವ್’ ಎಲ್ಲರಿಗೂ ಪರಿಚಿತ. ‘ವಿಲ್ ಯೂ ಹ್ಯಾವ್ ಸಮ್ ಕಾಫಿ’ ಎಂಬ ಪ್ರಶ್ನೆಯಲ್ಲಿ ‘ಕುಡಿ’ ಎಂಬ ನೇರ ಕ್ರಿಯಾಪದವನ್ನು ತಪ್ಪಿಸಿ ಮರ್ಯಾದೆಯ ಪದವನ್ನು ಇಟ್ಟಿದ್ದಾರೆ. ಮನೆಗೆ ಬಂದವರಿಗೆ ‘ಕಾಫಿ ಕುಡೀತೀರಾ’ ಎನ್ನುವುದಕ್ಕಿಂತ ‘ಕಾಫಿ ತಗೋತೀರಾ’ ಎನ್ನುವ ನಮ್ಮ ರೂಢಿಯೂ ಅಂಥದ್ದೇ. ಸ್ನಾನ, ನಿದ್ದೆ, ಊಟಗಳಿಗೆ ಕನ್ನಡ ‘ಮಾಡು’ ಸೇರಿಸಿದರೆ ಇಂಗ್ಲಿಷ್ ಅವನ್ನು ‘ಹ್ಯಾವ್ ಎ ಬಾತ್’, ‘ಹ್ಯಾವ್ ಎ ನ್ಯಾಪ್’, ‘ಹ್ಯಾವ್ ಲಂಚ್’ ಎಂದು ಪಡೆಯುತ್ತದೆ; ಅಮೆರಿಕದಲ್ಲಿ ಮೊದಲ ಎರಡಕ್ಕೆ ‘ಟೇಕ್’ ಹೆಚ್ಚು ರೂಢಿ. ಈ ಗುಂಪಿನಲ್ಲಿ ನೆನಪಿಡಬೇಕಾದ ಅಪಾಯ ಒಂದಿದೆ. ‘ಐ ಹ್ಯಾಡ್ ಎ ವರ್ಡ್ ವಿತ್ ಹಿಮ್’ ಎಂದರೆ ಅವನ ಜೊತೆ ಒಂದು ಮಾತನಾಡಿದೆ. ‘ಐ ಹ್ಯಾಡ್ ವರ್ಡ್ಸ್ ವಿತ್ ಹಿಮ್’ ಎಂದರೆ ಅವನ ಜೊತೆ ಜಗಳವಾಯಿತು.

ಪ್ರಶ್ನೆ ಕೇಳುವ ಬಗೆಯಲ್ಲಿ ಮೂರು ಕಾಲಘಟ್ಟಗಳು ಒಟ್ಟಿಗೆ ಬದುಕಿವೆ. ಕಪ್ಪು ಕುರಿಯನ್ನು ಉಣ್ಣೆ ಇದೆಯೇ ಎಂದು ಕೇಳುವ ಶಿಶುಪ್ರಾಸದಲ್ಲಿ ಪ್ರಶ್ನೆ ‘ಹ್ಯಾವ್ ಯೂ’ ಎಂದೇ ಆರಂಭವಾಗುತ್ತದೆ. ಅದು ಹಳೆಯ ರೂಪ. ಬ್ರಿಟನ್ನಿನಲ್ಲಿ ಆಡುಮಾತಿಗೆ ‘ಹ್ಯಾವ್ ಯೂ ಗಾಟ್’ ಬಂತು. ‘ಡು ಯೂ ಹ್ಯಾವ್’ ಅಮೆರಿಕದಿಂದ ಬಲಗೊಂಡು ಈಗ ಎಲ್ಲೆಡೆ ಸಲ್ಲುತ್ತದೆ, ಕಲಿಯುವವರು ಇದೊಂದನ್ನು ಹಿಡಿದರೆ ಸಾಕು. ಆದರೆ ಕೆಲಸ ಮುಗಿದಿದೆಯೇ ಎಂದು ಕೇಳುವ ಸಹಾಯಕ ‘ಹ್ಯಾವ್’ಗೆ ‘ಡು’ ಎಂದೂ ಸೇರದು; ಅಲ್ಲಿ ‘ಹ್ಯಾವ್ ಯೂ ಫಿನಿಷ್ಡ್’ ಎಂಬುದೊಂದೇ ರೂಪ. ಮಾತಿನ ಓಟದಲ್ಲಿ ಈ ಸಹಾಯಕ ಪದ ಸವೆದು ‘ಐವ್’, ‘ಹೀಸ್’, ‘ದೇಡ್’ ಎಂದು ಬಾಲ ಮಾತ್ರ ಉಳಿಯುತ್ತದೆ. ‘ಕುಡ್ ಹ್ಯಾವ್’ ಸವೆದು ‘ಕುಡವ್’ ಆಗಿ, ಅದನ್ನು ಕೇಳಿದ ಇಂಗ್ಲಿಷ್ ಮಕ್ಕಳೇ ‘ಕುಡ್ ಆಫ್’ ಎಂದು ತಪ್ಪಾಗಿ ಬರೆಯುತ್ತಾರೆ. ಓದಿ ಕಲಿತ ನಮ್ಮ ಮಕ್ಕಳು ಈ ಒಂದು ತಪ್ಪನ್ನು ಸಾಮಾನ್ಯವಾಗಿ ಮಾಡುವುದಿಲ್ಲ.

ಪ್ರಭಾವ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಕನ್ನಡದ ‘ಇದೆ’ ನಮ್ಮ ಇಂಗ್ಲಿಷನ್ನು ತಿರುಚಿದ ಹಾಗೆ, ಇಂಗ್ಲಿಷಿನ ‘ಹ್ಯಾವ್’ ನಮ್ಮ ಬರವಣಿಗೆಯ ಕನ್ನಡಕ್ಕೆ ‘ಹೊಂದಿದೆ’ ಎಂಬ ವೇಷದಲ್ಲಿ ಬಂದು ಕುಳಿತಿದೆ. ‘ಈ ಫೋನ್ 6 ಇಂಚಿನ ಪರದೆಯನ್ನು ಹೊಂದಿದೆ’, ‘ತಾಲ್ಲೂಕು ಮೂರು ಕೆರೆಗಳನ್ನು ಹೊಂದಿದೆ’, ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’ ಎಂಬ ವಾಕ್ಯಗಳಲ್ಲಿ ಒಡೆಯ ಕರ್ತೃವಾಗಿದ್ದಾನೆ, ವಸ್ತು ‘ಅನ್ನು’ ಪ್ರತ್ಯಯ ತೊಟ್ಟು ಕರ್ಮವಾಗಿದೆ. ಇದು ಪೂರ್ತಿಯಾಗಿ ಇಂಗ್ಲಿಷಿನ ವಾಕ್ಯ, ಪದಗಳು ಮಾತ್ರ ಕನ್ನಡದವು. ಆದರೆ ಪತ್ರಿಕೆಗಳ ನಿಧನವಾರ್ತೆಯ ಕಾಲಂ ನೋಡಿದರೆ, ಕೊನೆಯ ಸಾಲು ಈಗಲೂ ‘ಅವರಿಗೆ ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಇದ್ದಾರೆ’ ಎಂದೇ ಇರುತ್ತದೆ. ಅನುವಾದದ ಅವಸರವಿಲ್ಲದ ಕಡೆ ಕನ್ನಡ ತನ್ನ ನಡಿಗೆಯನ್ನು ಬಿಟ್ಟಿಲ್ಲ.

‘ಹೊಂದು’ ಎಂಬ ಪದವೇ ಬೇಡವೆಂದು ಹೇಳಲಾಗದು. ‘ನಿಧನ ಹೊಂದು’, ‘ಏಳಿಗೆ ಹೊಂದು’, ‘ಬಣ್ಣ ಹೊಂದುತ್ತದೆ’ ಎಂಬಲ್ಲೆಲ್ಲ ಅದು ತನ್ನ ಸ್ವಂತ ಅರ್ಥದಲ್ಲಿ ಚೆನ್ನಾಗಿಯೇ ಇದೆ. ‘ಪರವಾನಗಿ ಹೊಂದಿರುವ ವ್ಯಾಪಾರಿಗಳು’ ಎಂಬಂತಹ ಕಾನೂನಿನ ಭಾಷೆಯಲ್ಲಿ, ಕೈಯಲ್ಲಿ ಇದ್ದರಷ್ಟೇ ಸಾಲದು, ಹಕ್ಕಿನಿಂದ ಪಡೆದಿರಬೇಕು ಎಂಬ ಛಾಯೆಯನ್ನೂ ಅದು ಕೊಡುತ್ತದೆ. ಆದರೆ ಬಸ್ಸಿನ ಪಾಸಿಗೂ ಪಡಿತರ ಚೀಟಿಗೂ ಆ ಭಾರ ಬೇಕಾಗಿಲ್ಲ. ‘ಪಾಸ್ ಇರುವವರು’, ‘ಚೀಟಿ ಇರುವ ಕುಟುಂಬಗಳು’ ಎಂದು ಬರೆದರೆ ಓದುವವರಿಗೆ ಏನೂ ಕಡಿಮೆಯಾಗುವುದಿಲ್ಲ.